ಪದಚರ್ಚೆ: ‘ಇಂಪಾಸ್ಟೊ’, ‘ಗ್ಲೇಜ್’ಗಳಿಗೆ ಗೋಡೆಯ ಕನ್ನಡ ಸಾಲದೆ?

ಶರಣು. ಬೀದರ, ಕಲಬುರಗಿ ಕಡೆಯ ಹಳ್ಳಿಮನೆಗಳ ತೈಲಚಿತ್ರಗಳ ಬಗ್ಗೆ ಬರೆಯುವವರು ‘ಇಂಪಾಸ್ಟೊ’ಗೆ (ಬಣ್ಣವನ್ನು ದಪ್ಪಗೆ ಹಚ್ಚುವುದು) ‘ಗಾಢ ಲೇಪನ’, ‘ಗ್ಲೇಜ್’ಗೆ (ಕೆಳಗಿನದು ಕಾಣುವಂತೆ ಹಚ್ಚುವ ತೆಳು ಪದರ) ‘ಮೆರುಗು’ ಅನ್ನುತ್ತಾರೆ. ಎರಡೂ ದಾರಿ ತಪ್ಪಿಸುತ್ತವೆ. ಗಾಢವೆಂದರೆ ಕಡುಬಣ್ಣ ಎಂದೇ ಓದುತ್ತೇವೆ. ಚಿತ್ರದಲ್ಲಿ ಸಾಮಾನ್ಯವಾಗಿ ಅತಿ ದಪ್ಪಗಿರುವುದು ಬಿಸಿಲು ಬಿದ್ದ ಗೋಡೆಯ ಬಿಳಿ ಬೆರೆತ ಬಣ್ಣ. ಮೆರುಗು ಅಂದರೆ ವಾರ್ನಿಶ್ ಆಗಿಬಿಡುತ್ತದೆ. ಬೇರೆ ಪದಗಳಿವೆಯೆ? ‘ಸ್ಕಂಬಲ್’ಗೆ (ಕೆಳಗಿನ ಬಣ್ಣ ಅಲ್ಲಲ್ಲಿ ಇಣುಕುವಂತೆ ಒಣಕುಂಚದಿಂದ ಹಚ್ಚುವುದು) ‘ಸಾರಣೆ’ ನಡೆದೀತೆ?

— — —

ಶರಣು ಸರ್. ಇಂಪಾಸ್ಟೊಗೆ ‘ಮೆತ್ತು’ ಸಾಕು. ಗೋಡೆಗೆ ಮಣ್ಣು ಮೆತ್ತುತ್ತೇವೆ, ನೆಲಕ್ಕೆ ಸಗಣಿ ಸಾರಿಸುತ್ತೇವೆ, ಸುಣ್ಣ ಹೊಡೆಯುತ್ತೇವೆ. ಮೂರೂ ಬೇರೆ ಬೇರೆ ಕೈಕೆಲಸ. ಬಣ್ಣ ಹಚ್ಚುವ ಚೂರಿಯಿಂದ 2–3 ಮಿಲಿಮೀಟರ್ ದಪ್ಪ ಮೆತ್ತಿದ ಬಣ್ಣದ ಏಣುಗಳು ಕೋಣೆಯ ಬೆಳಕು ಹಿಡಿದು ನಿಜವಾದ ನೆರಳು ಬೀಳಿಸುತ್ತವೆ. ಬೀದರದ ಕೆಂಪುಕಲ್ಲಿನ ತೂತುತೂತು ಮೈಗೆ ಇದು ಹೇಳಿ ಮಾಡಿಸಿದ್ದು. ನುಣುಪಾದ ಶಹಾಬಾದ್ ಫರಸಿಗೆ (ಹಾಸುಗಲ್ಲಿಗೆ) ಒಗ್ಗದು. ಅಲ್ಲಿ ತೆಳ್ಳಗೆ ಹಚ್ಚಿ ಕೆರೆದರೇ ಕಲ್ಲು ಕಲ್ಲಿನಂತೆ ಕಾಣುವುದು. ಬಾಗಿಲೊಳಗಿನ ಕತ್ತಲೆಗಂತೂ ಮೆತ್ತಲೇಬಾರದು. ಕಪ್ಪಿನ ಏಣು ಮಿನುಗಿತೋ, ಒಳಗೆ ಮನೆಯಿದೆ ಅನ್ನಿಸುವುದಿಲ್ಲ, ಬಾಗಿಲಿಗೆ ಡಾಂಬರು ಬಳಿದಂತಿರುತ್ತದೆ.

ಗ್ಲೇಜ್‌ಗೆ ‘ತಿಳಿಪದರ’ ಅನ್ನಿ. ತಿಳಿನೀರು, ತಿಳಿಸಾರಿನ ತಿಳಿ: ತಳ ಕಾಣಬೇಕು. ‘ತಿಳಿಬಣ್ಣ’ದ ನೆನಪಾಗಿ ಯಾರಾದರೂ ಪೇಲವ ಅಂದುಕೊಂಡಾರು, ಮೊದಲ ಸಲ ಬಿಡಿಸಿ ಹೇಳಿದರಾಯಿತು. ಮೆತ್ತಿದ್ದು ಪೂರಾ ಒಣಗಿದ ಮೇಲೆ ಬರ್ನ್ಟ್ ಅಂಬರ್ ಎಂಬ ಕಡುಕಂದು ಮಣ್ಣುಬಣ್ಣಕ್ಕೆ ಅಗಸಿ ಬೀಜದ ಎಣ್ಣೆ (ಊರಬಾಗಿಲ ಅಗಸಿಯಲ್ಲ!) ಬೆರೆಸಿ ಸವರಿ, ಚಿಂದಿಯಿಂದ ಒರೆಸಿದರೆ ಬಣ್ಣ ಸಂದಿಗಳಲ್ಲಷ್ಟೇ ನಿಲ್ಲುತ್ತದೆ. ಒಂದು ಬಿರುಕನ್ನೂ ಬರೆಯದೆ ಗೋಡೆಗೆ ವಯಸ್ಸಾಗುತ್ತದೆ. ಅವಸರ ಕೂಡದು. ದಪ್ಪ ಪದರ ಒಳಗೆ ಒಣಗಲು ತಿಂಗಳುಗಳೇ ಬೇಕು. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ಕೆಳಗೆ ಹಸಿಯಿದ್ದರೆ ಮೇಲಿನದು ಸೀಳುತ್ತದೆ. ಆಮೇಲೆ ಬರೆದ ಬಿರುಕು ಯಾವುದು, ಬಿಟ್ಟ ಬಿರುಕು ಯಾವುದು, ಯಾರಿಗೂ ತಿಳಿಯದು.

‘ಸಾರಣೆ’ ಬೇಡ. ಅದು ಒದ್ದೆ ಕೆಲಸ, ಕೆಳಗಿನದನ್ನು ಪೂರ್ತಿ ಮುಚ್ಚುತ್ತದೆ. ಸ್ಕಂಬಲ್ ಮಾಡುವಾಗ ಗಡಸು ಕೂದಲಿನ ಕುಂಚಕ್ಕೆ ಬಿಳಿ ತಗೊಂಡು, ಮುಕ್ಕಾಲುಪಾಲು ಒರೆಸಿ, ಒಣಗಿದ ಕಡುಬಣ್ಣದ ಮೇಲೆ ತೀಡುತ್ತಾರೆ. ಉಬ್ಬಿಗೆ ಹತ್ತುತ್ತದೆ, ತಗ್ಗು ಹಾಗೇ ಉಳಿಯುತ್ತದೆ. ಗಂಧ ತೀಡುವ, ಹುಬ್ಬು ತೀಡುವ ಪದವೇ ಇದು. ‘ಒಣತೀಡು’ ಅನ್ನೋಣ. ಬಾಗಿಲ ಪಕ್ಕ, ಭುಜ ತಾಗಿ ತಾಗಿ ಸವೆದ ಸುಣ್ಣ ಬರುವುದು ಇದರಿಂದಲೇ.