ಮನೆಯಲ್ಲಿ ಹಾಡು ರೆಕಾರ್ಡ್ ಮಾಡಲು 5000 ರೂಪಾಯಿ ಒಳಗೆ ಯಾವ ಹೆಡ್‌ಫೋನ್?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಸದಸ್ಯೆ)

ನಮಸ್ಕಾರ ಸರ್. ನಾನು ಭಾವಗೀತೆ, ದೇವರನಾಮ ಹಾಡುತ್ತೇನೆ. ಮನೆಯಲ್ಲೇ ರೆಕಾರ್ಡ್ ಮಾಡೋಣ ಅಂತ ಒಂದು ಕಂಡೆನ್ಸರ್ ಮೈಕು, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಸಣ್ಣ ಆಡಿಯೋ ಇಂಟರ್‌ಫೇಸ್ ತಗೊಂಡಿದ್ದೇವೆ. ಲ್ಯಾಪ್‌ಟಾಪ್ ಮಗನದು. ಹಾಡುವಾಗ ಕಿವಿಗೆ ತಂಬೂರಿ ಶ್ರುತಿ, ಜೊತೆಗೆ ತಾಳಕ್ಕೆ ಕ್ಲಿಕ್ ಹಾಕಿಕೊಳ್ಳುತ್ತೇನೆ. ಆಮೇಲೆ ಕೇಳಿದರೆ ನನ್ನ ದನಿಯ ಹಿಂದೆ ಆ ಕ್ಲಿಕ್ ಟಿಕ್ ಟಿಕ್ ಅನ್ನುತ್ತಿರುತ್ತದೆ! ಈಗಿರುವ ಹೆಡ್‌ಫೋನ್ ಆನ್‌ಲೈನಿನಲ್ಲಿ ತರಿಸಿದ್ದು. ಪೆಟ್ಟಿಗೆ ಮೇಲೆ 'ಸ್ಟುಡಿಯೋ' ಅಂತಲೂ ಇದೆ, 'ಸೆಮಿ-ಓಪನ್' ಅಂತಲೂ ಇದೆ. 5000 ರೂಪಾಯಿ ಒಳಗೆ ಯಾವುದು ತಗೊಳ್ಳಲಿ? ಶಿವಮೊಗ್ಗಕ್ಕೆ ಬಂದರೆ ಸಿಗುತ್ತದಾ? ನಾನು ಕನ್ನಡಕ ಹಾಕುತ್ತೇನೆ, ಅದೂ ಒಂದು ಲೆಕ್ಕಕ್ಕೆ ಬರುತ್ತದಾ ಗೊತ್ತಿಲ್ಲ.

ಉತ್ತರ (ಸೌಂಡ್ ಎಂಜಿನಿಯರ್, ಶಿವಮೊಗ್ಗ)

ಮೇಡಂ, ಕಾರಣ ಆ 'ಸೆಮಿ-ಓಪನ್' ಅನ್ನುವುದರಲ್ಲೇ ಇದೆ. ಅಂಥ ಹೆಡ್‌ಫೋನಿನ ಬೆನ್ನಿನಲ್ಲಿ ಸಣ್ಣ ಕಿಂಡಿಗಳಿರುತ್ತವೆ. ಒಳಗಿನ ಸದ್ದು ಅಲ್ಲಿಂದ ಹೊರಗೆ ಬರುತ್ತದೆ. ಕೆಟ್ಟ ಮಾಲು ಅಂತಲ್ಲ. ಕೂತು ಹಾಡು ಕೇಳಲು, ಮಿಕ್ಸ್ ಮಾಡಲು (ರೆಕಾರ್ಡ್ ಆದ ಸದ್ದುಗಳನ್ನು ಹದವಾಗಿ ಬೆರೆಸಲು) ಹಿತವಾಗಿಯೇ ಇರುತ್ತದೆ. ಎಕೆಜಿ ಕೆ240, ಸ್ಯಾಮ್ಸನ್ ಎಸ್‌ಆರ್850, ಸೂಪರ್‌ಲಕ್ಸ್ ಎಚ್‌ಡಿ681 ಎಲ್ಲ ಈ ಜಾತಿಯವೇ. ಇವುಗಳಲ್ಲಿ ಕೆಲವು ತೀರಾ ಅಗ್ಗ, ಹೊಗಳುವವರೂ ಬಹಳ. ಅದಕ್ಕೇ ಮೊದಲ ಸಲ ಕೊಳ್ಳುವವರು ಇವನ್ನೇ ತರಿಸುತ್ತಾರೆ. ಮೈಕಿನ ಮುಂದೆ ಮಾತ್ರ ಇವು ಬೇಡ. ಮೈಕು ನಿಮ್ಮ ಬಾಯಿಂದ ಒಂದು ಗೇಣು ದೂರ ಇರುತ್ತದೆ. ಕಿವಿ ಅಲ್ಲಿಂದ ಇನ್ನೊಂದು ಗೇಣು ಹಿಂದೆ, ಅಷ್ಟೇ. ಈಗಿನದನ್ನು ಮಾರಬೇಡಿ, ಮಿಕ್ಸ್ ಮಾಡುವಾಗ ಬೇಕಾಗುತ್ತದೆ.

ಹಾಡುವವರಿಗೆ ಹೆಡ್‌ಫೋನ್ ಆರಿಸುವಾಗ ನಾನು ಮೊದಲು ನೋಡುವುದು ಒಂದೇ: ಸದ್ದು ಹೊರಗೆ ಬಿಡುತ್ತದೋ ಇಲ್ಲವೋ. ಬಾಸ್ ಎಷ್ಟು, ಟ್ರೆಬಲ್ ಎಷ್ಟು ಅನ್ನುವುದೆಲ್ಲ ಆಮೇಲಿನ ಮಾತು. ಯೂಟ್ಯೂಬ್ ವಿಮರ್ಶೆಗಳಲ್ಲಿ ಇದು ತಿರುಗುಮುರುಗಾಗಿರುತ್ತದೆ. ಅಲ್ಲಿ ಮಾತಾಡುವವರಲ್ಲಿ ಹೆಚ್ಚಿನವರು ಹಾಡು ಕೇಳುವವರು, ಹಾಡುವವರಲ್ಲ.

ನಿಮ್ಮ ದುಡ್ಡಿಗೆ ನಾನು ಹೇಳುವುದು ಆಡಿಯೋ-ಟೆಕ್ನಿಕಾ ಎಟಿಎಚ್-ಎಂ20ಎಕ್ಸ್. ಪೂರ್ತಿ ಮುಚ್ಚಿದ ಬೆನ್ನು, 40 ಮಿಲಿಮೀಟರ್ ಡ್ರೈವರ್ (ಒಳಗೆ ಸದ್ದು ಹೊರಡಿಸುವ ಭಾಗ), 47 ಓಮ್. ಓಮ್ ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ತೀರಾ ಹೆಚ್ಚಿದ್ದರೆ ಸಣ್ಣ ಸಾಧನದಲ್ಲಿ ಮೆಲ್ಲಗೆ ಕೇಳುತ್ತದೆ. ನಿಮ್ಮ ಇಂಟರ್‌ಫೇಸಿಗೂ ಫೋನಿಗೂ ಸಲೀಸಾಗಿ ಓಡುತ್ತದೆ. ಕೇಬಲ್ 3 ಮೀಟರ್ ಇದೆ, ಒಂದೇ ಕಡೆಯಿಂದ ಬರುತ್ತದೆ. ನಿಂತು ಹಾಡುವವರಿಗೆ ಇದು ದೊಡ್ಡ ಅನುಕೂಲ, ಕತ್ತಿಗೆ ಸುತ್ತಿಕೊಳ್ಳುವುದಿಲ್ಲ. ಕೊರತೆ ಎರಡು. ಕಿವಿ ಮುಚ್ಚುವ ಕಪ್ಪಿನ ಆಳ ಕಡಿಮೆ, ದೊಡ್ಡ ಕಿವಿಯವರಿಗೆ ಒಳಗೆ ತಾಗುತ್ತದೆ. ಕೇಬಲ್ ಬಿಚ್ಚಿ ಬೇರೆ ಹಾಕುವಂತಿಲ್ಲ. ತುಂಡಾದರೆ ಬೆಸುಗೆ ಹಾಕಿಸಬೇಕು, ಅದನ್ನು ಟಿವಿ-ರೇಡಿಯೋ ರಿಪೇರಿ ಮಾಡುವವರು ಮಾಡಿಕೊಡುತ್ತಾರೆ. ಇದು ಸಿಗದಿದ್ದರೆ ಎಕೆಜಿ ಕೆ72 ನೋಡಿ. ಅದೂ ಕ್ಲೋಸ್ಡ್, 32 ಓಮ್. ತಲೆಪಟ್ಟಿ ತಾನಾಗೇ ಹೊಂದಿಕೊಳ್ಳುತ್ತದೆ. ಹಿಡಿತ ಸ್ವಲ್ಪ ಸಡಿಲ ಅಂತ ನನ್ನ ಅಭಿಪ್ರಾಯ. ಅದಕ್ಕೇ ಎರಡನೇ ಸ್ಥಾನ.

ಇನ್ನು ಮೂರ್ನಾಲ್ಕು ಸಾವಿರ ಹಾಕುವ ಮನಸ್ಸಿದ್ದರೆ ಮಾತು ಬೇರೆ. ಸೆನ್‌ಹೈಸರ್ ಎಚ್‌ಡಿ 280 ಪ್ರೊ ಸದ್ದು ತಡೆಯುವುದರಲ್ಲಿ ಗಟ್ಟಿಗ. 32 ಡೆಸಿಬಲ್ ತನಕ ತಡೆಯುತ್ತದೆ ಅಂತ ಕಂಪನಿಯವರ ಲೆಕ್ಕ. ತಲೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಅರ್ಧ ಗಂಟೆಗೆ ಒಮ್ಮೆ ತೆಗೆದಿಡಬೇಕು ಅನಿಸುತ್ತದೆ. ಸೋನಿ ಎಂಡಿಆರ್-7506 ಬಂದಿದ್ದು 1991ರಲ್ಲಿ. ಇವತ್ತಿಗೂ ಸ್ಟುಡಿಯೋಗಳಲ್ಲಿ, ಶೂಟಿಂಗ್ ಜಾಗಗಳಲ್ಲಿ ಅದೇ ಕಾಣುತ್ತದೆ. ಮೇಲಿನ ಸದ್ದು ಚೂಪು. ಹಾಡುವಾಗ 'ಸ', 'ಶ' ಜಾಸ್ತಿ ಸೀಟಿ ಹೊಡೆದರೆ, ಬಾಯಿಯ ಚಪ್ಪರಿಕೆ ಬಂದರೆ ಅದರಲ್ಲಿ ತಕ್ಷಣ ಗೊತ್ತಾಗುತ್ತದೆ. ಆದರೆ ನಿಮಗೆ ಈಗಲೇ ಬೇಕಿಲ್ಲ. ಆ ದುಡ್ಡಿನಲ್ಲಿ ಒಂದು ಒಳ್ಳೆಯ ಮೈಕ್ ಸ್ಟ್ಯಾಂಡು, ಕೋಣೆಗೆ ಎರಡು ದಪ್ಪ ರಜಾಯಿ ಬಂದರೆ ಹಾಡಿಗೆ ಹೆಚ್ಚು ಲಾಭ.

ಕನ್ನಡಕದ ವಿಷಯ ಕೇಳಿದ್ದು ಒಳ್ಳೆಯದಾಯಿತು. ಕನ್ನಡಕದ ಕಡ್ಡಿ ಇಯರ್‌ಪ್ಯಾಡನ್ನು ಎತ್ತಿ ಸಣ್ಣ ಸಂದು ಮಾಡುತ್ತದೆ. ಸಂದಾದ ಕೂಡಲೇ ಬಾಸ್ ಸೋರಿಹೋಗುತ್ತದೆ. ತಂಬೂರಿಯ ಮಂದ್ರ ಸರಿಯಾಗಿ ಕೇಳುವುದಿಲ್ಲ. ನೀವು ವಾಲ್ಯೂಮ್ ಏರಿಸುತ್ತೀರಿ. ಆಗ ಕ್ಲಿಕ್ ಇನ್ನಷ್ಟು ಜೋರಾಗಿ ಅದೇ ಸಂದಿನಿಂದ ಹೊರಗೆ ಬರುತ್ತದೆ. ಹಾಡು ಬಾಯಿಪಾಠ ಇದ್ದರೆ ಕನ್ನಡಕ ತೆಗೆದಿಡಿ. ಇಲ್ಲದಿದ್ದರೆ ಸಾಹಿತ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆದು ಎದುರಿಗೆ ಅಂಟಿಸಿ. ದೊಡ್ಡ ಓಲೆ, ಜುಮಕಿಯನ್ನೂ ತೆಗೆದುಬಿಡಿ. ಪ್ಯಾಡ್ ಕೂರುವುದಿಲ್ಲ ಅನ್ನುವುದು ಒಂದು, ತಲೆ ಅಲ್ಲಾಡಿಸಿದಾಗ ಕಪ್ಪಿಗೆ ತಾಗಿ ಅದರ ಸದ್ದೂ ಮೈಕಿಗೆ ಹೋಗುತ್ತದೆ.

ಎಂಥ ಕ್ಲೋಸ್ಡ್ ಹೆಡ್‌ಫೋನ್ ಆದರೂ ಒಂದು ಚೂರು ಸೋರುತ್ತದೆ. ತಂಬೂರಿ ಸೋರಿದರೆ ಶ್ರುತಿಯ ಜೊತೆ ಬೆರೆತು ಮರೆಯಾಗಬಹುದು. ಕ್ಲಿಕ್ ಹಾಗಲ್ಲ. ಸಣ್ಣದು, ಚೂಪು, ಎರಡು ಸಾಲಿನ ನಡುವಿನ ಮೌನದಲ್ಲೇ ಎದ್ದು ಕಾಣುತ್ತದೆ. ಆಮೇಲೆ ನೀವು ದನಿಗೆ ಕಂಪ್ರೆಸರ್ (ಜೋರು-ಮೆಲುವಿನ ಅಂತರ ತಗ್ಗಿಸುವುದು), ರಿವರ್ಬ್ (ಗುಂಜನ ಸೇರಿಸುವುದು) ಹಾಕಿದರೆ ಸಣ್ಣ ಸದ್ದುಗಳೆಲ್ಲ ಮೇಲೆ ಬರುತ್ತವೆ, ಕ್ಲಿಕ್ಕೂ ಅವುಗಳ ಜೊತೆಗೇ. ಹಾಗಾಗಿ ತಾಳದ ಆ್ಯಪಿನಲ್ಲಿ ಚೂಪು ಬೀಪ್ ಬಿಟ್ಟು ಮೃದಂಗದ್ದೋ ತಬಲಾದ್ದೋ ಮೆತ್ತನೆ ಲೂಪ್ ಇಟ್ಟುಕೊಳ್ಳಿ. ಕೊನೆಯ ಸಾಲಿನಲ್ಲಿ ದನಿ ನಿಧಾನ ಇಳಿಯುವ ಕಡೆ ತಾಳವನ್ನು ಪೂರ್ತಿ ಮ್ಯೂಟ್ ಮಾಡಿ.

ಇನ್ನೊಂದು, ಹಾಡುವವರಿಗೆ ಮಾತ್ರ ಗೊತ್ತಾಗುವ ತೊಂದರೆ. ಎರಡೂ ಕಿವಿ ಮುಚ್ಚಿದರೆ ನಿಮ್ಮ ದನಿ ನಿಮಗೇ ತಲೆಯೊಳಗೆ ಗುಂಯ್ ಅನ್ನುತ್ತದೆ. ಒಳ್ಳೆಯ ಶ್ರುತಿಜ್ಞಾನ ಇರುವವರೂ ಆಗ ಸ್ವಲ್ಪ ಜಾರುತ್ತಾರೆ. ಒಂದು ಕಿವಿ ಬಿಟ್ಟು ಹಾಡಿ. ಆದರೆ ಬಿಟ್ಟ ಕಪ್ಪನ್ನು ಸುಮ್ನೆ ನೇತಾಡಲು ಬಿಡಬೇಡಿ, ಕಿವಿಯ ಹಿಂದೆ ತಲೆಗೆ ಒತ್ತಿ ಕೂರಿಸಿ. ಸಾಫ್ಟ್‌ವೇರಿನಲ್ಲಿ ಶ್ರುತಿ, ತಾಳ ಎರಡನ್ನೂ ಮುಚ್ಚಿದ ಕಿವಿಯ ಕಡೆಗೇ ಪ್ಯಾನ್ ಮಾಡಿ. ಆಗ ಬಿಟ್ಟ ಕಪ್ಪಿನಲ್ಲಿ ಸದ್ದೇ ಇರುವುದಿಲ್ಲ.

ಕೊಳ್ಳುವ ಬಗ್ಗೆ: ದುರ್ಗಿಗುಡಿ, ನೆಹರು ರಸ್ತೆ ಸುತ್ತಿದರೆ ಮೊಬೈಲಿನ ಹೆಡ್‌ಫೋನ್ ರಾಶಿ ಸಿಗುತ್ತವೆ. ಸ್ಟುಡಿಯೋ ಮಾಡೆಲ್ ಬೇಕಾದರೆ ಮೊದಲು ಫೋನ್ ಮಾಡಿ ಕೇಳಿಕೊಂಡು ಹೊರಡಿ, ಅಷ್ಟು ದೂರ ಬಂದು ಬರಿಗೈಲಿ ವಾಪಸ್ ಹೋಗುವುದು ಬೇಡ. ಆನ್‌ಲೈನಾದರೆ ಮಾರುವವರು ಯಾರು ಅಂತ ನೋಡಿ, ಬಿಲ್ಲು, ವಾರಂಟಿ ಇರಲಿ. ಹೆಸರು ಮಾಡಿದ ಮಾಡೆಲ್‌ಗಳಿಗೆಲ್ಲ ನಕಲಿ ಇದೆ. ಅರ್ಧ ಬೆಲೆಗೆ ಸಿಕ್ಕಿದರೆ ಖುಷಿ ಪಡುವ ಬದಲು ಅನುಮಾನ ಪಡಿ.

ಮಾಲು ಬಂದ ದಿನವೇ ಪರೀಕ್ಷೆ ಮಾಡಿ. ಹಾಡುವ ಜಾಗದಲ್ಲೇ ನಿಂತು, ಹಾಡುವಾಗಿನ ವಾಲ್ಯೂಮಿನಲ್ಲೇ ತಾಳ ಹಾಕಿ, ಬಾಯಿ ಮುಚ್ಚಿಕೊಂಡು ಒಂದು ನಿಮಿಷ ರೆಕಾರ್ಡ್ ಮಾಡಿ. ಆಮೇಲೆ ಜೋರಾಗಿ ಇಟ್ಟು ಕೇಳಿ. ಸಾಲದು ಅನಿಸಿದರೆ ವಾಪಸ್ ಕೊಡಲು ಇನ್ನೂ ಸಮಯ ಇರುತ್ತದೆ.

ಕೇಳಿದವರು

ತುಂಬ ಉಪಕಾರ ಆಯ್ತು ಸರ್. ಮಗನ ಹತ್ತಿರ ನಾಯ್ಸ್ ಕ್ಯಾನ್ಸಲ್ ಮಾಡುವ ಬ್ಲೂಟೂತ್ ಹೆಡ್‌ಫೋನ್ ಇದೆ. ಅದೂ ಬೆನ್ನು ಮುಚ್ಚಿದ್ದೇ. ಅದೇ ಸಾಕು ಅನ್ನುತ್ತಾನೆ ಅವನು.

ಉತ್ತರ

ಬಸ್ಸಿನಲ್ಲಿ ಕೂತು ಹಾಡು ಕೇಳಲು ಅದು ಬಹಳ ಚೆನ್ನ. ರೆಕಾರ್ಡಿಂಗಿಗೆ ಬೇಡ. ಬ್ಲೂಟೂತಿನಲ್ಲಿ ಸದ್ದು ಕಿವಿಗೆ ತಲುಪುವಷ್ಟರಲ್ಲಿ ಸಾಮಾನ್ಯವಾಗಿ 100 ಮಿಲಿಸೆಕೆಂಡಿಗಿಂತ ಹೆಚ್ಚೇ ತಡವಾಗುತ್ತದೆ. ನೀವು ಕೇಳಿದ ತಾಳಕ್ಕೆ ಸರಿಯಾಗಿಯೇ ಹಾಡುತ್ತೀರಿ, ರೆಕಾರ್ಡ್ ನೋಡಿದರೆ ಪ್ರತಿ ಸಾಲೂ ಹಿಂದೆ ಬಿದ್ದಿರುತ್ತದೆ. ಅದಕ್ಕೆ ತಂತಿ ಹಾಕುವ ಕಿಂಡಿ ಇದ್ದರೆ ತಂತಿ ಹಾಕಿ, ನಾಯ್ಸ್ ಕ್ಯಾನ್ಸಲ್ ಆಫ್ ಮಾಡಿ ನೋಡಬಹುದು. ಹೊಸದು ಬರುವ ತನಕ ನಡೆಯುತ್ತದೆ.

ಹಾಗೇ ಇನ್ನೊಂದು ನೋಡಿಕೊಳ್ಳಿ. ಇಂಟರ್‌ಫೇಸಿನ ಮೇಲೆ 'ಡೈರೆಕ್ಟ್ ಮಾನಿಟರ್' ಅಂತ ಗುಂಡಿ ಸಾಮಾನ್ಯವಾಗಿ ಇರುತ್ತದೆ. ಅದನ್ನು ಒತ್ತಿದರೆ ನಿಮ್ಮ ದನಿ ಲ್ಯಾಪ್‌ಟಾಪ್ ಸುತ್ತಿ ಬರದೆ ನೇರ ಕಿವಿಗೆ ಬರುತ್ತದೆ. ಒತ್ತಿದ ಮೇಲೆ ಸಾಫ್ಟ್‌ವೇರಿನಲ್ಲಿ ಆ ಟ್ರ್ಯಾಕಿನ ಮಾನಿಟರ್ ಆಫ್ ಮಾಡಿ, ಇಲ್ಲದಿದ್ದರೆ ದನಿ ಎರಡೆರಡು ಸಲ ಕೇಳುತ್ತದೆ.

ಸಾಗರದ ಸದಸ್ಯರು

ಸರ್, ಐದು ಸಾವಿರ ಯಾಕೆ ಅಂತ? ನಾನು ಒಂದೂವರೆ ಸಾವಿರದ ತಂತಿ ಇಯರ್‌ಫೋನಿನಲ್ಲೇ ಹಾಡು ರೆಕಾರ್ಡ್ ಮಾಡುತ್ತಿದ್ದೇನೆ. ಕಿವಿಯೊಳಗೆ ಸಿಲಿಕಾನ್ ಬಿರಡೆ ಕೂರುತ್ತದಲ್ಲ, ಅಂಥದ್ದು. ಒಂದು ಚೂರೂ ಸೋರುವುದಿಲ್ಲ.

ಉತ್ತರ

ನಿಮ್ಮ ಮಾತು ಖಂಡಿತ ಸರಿ ಮಾರಾಯ್ರೆ. ಸೋರಿಕೆ ಒಂದನ್ನೇ ನೋಡಿದರೆ ಕಿವಿಯೊಳಗೆ ಕೂರುವ ಐಇಎಂ (ಇನ್-ಇಯರ್ ಮಾನಿಟರ್) ದೊಡ್ಡ ಹೆಡ್‌ಫೋನಿಗಿಂತ ಮೇಲು. ಸ್ಟೇಜಿನ ಮೇಲೆ ಹಾಡುವವರು ಹಾಕುವುದೂ ಅದೇ ಬಗೆಯದ್ದು. ಕನ್ನಡಕ, ಜುಮಕಿ ಯಾವುದೂ ಅಡ್ಡ ಬರುವುದಿಲ್ಲ. ಎರಡು ಸಾವಿರದ ಒಳಗೇ ಮುಗಿಯಬೇಕು ಅನ್ನುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಎರಡು ಕಷ್ಟ. ಕಿವಿ ಬಿಗಿಯಾಗಿ ಮುಚ್ಚಿದಷ್ಟೂ ದನಿ ತಲೆಯೊಳಗೆ ಗುಂಯ್ ಅನ್ನುವುದು ಜಾಸ್ತಿ. ಮತ್ತೆ ಜೊತೆಗೆ ತಬಲಾ ನುಡಿಸಲು ಯಾರೋ ಬಂದರೆ, ನಿಮ್ಮ ಕಿವಿಯಿಂದ ತೆಗೆದು ಅವರ ಕಿವಿಗೆ ಕೊಡಲು ಆಗುವುದಿಲ್ಲ, ಅಲ್ವಾ?

ಹೊಸನಗರದ ಸದಸ್ಯರು

ನಾವು ಯಕ್ಷಗಾನದವರು. ಭಾಗವತರ ಪದ ಮೊದಲು ರೆಕಾರ್ಡ್ ಮಾಡಿ, ಅದನ್ನು ಕೇಳಿಕೊಂಡು ಚಂಡೆ, ಮದ್ದಳೆ ಬೇರೆ ಬೇರೆ ಮಾಡೋಣ ಅಂತ ಇದೆ. ಎಂ20ಎಕ್ಸ್ ಸಾಕಾ ಸರ್?

ಉತ್ತರ

ಮದ್ದಳೆಗೆ ಸಾಕು. ಚಂಡೆಗೆ ಸಾಲದು. ಅಲ್ಲಿ ಚಿಂತೆ ಉಲ್ಟಾ. ಹೆಡ್‌ಫೋನಿನ ಸದ್ದು ಹೊರಗೆ ಹೋದರೂ ಚಂಡೆಯ ಅಬ್ಬರದಲ್ಲಿ ಮೈಕಿಗೆ ಗೊತ್ತೇ ಆಗುವುದಿಲ್ಲ. ಚಂಡೆಯ ಸದ್ದು ಒಳಗೆ ಬಂದು ಪದ ಕೇಳದಂತೆ ಆಗುವುದೇ ಸಮಸ್ಯೆ. ಕೇಳುವುದಿಲ್ಲ ಅಂತ ವಾಲ್ಯೂಮ್ ಏರಿಸುತ್ತಾ ಹೋದರೆ ಕಿವಿ ಹಾಳು. ಎಚ್‌ಡಿ 280 ಪ್ರೊ ತಗೊಳ್ಳಿ. ಅಥವಾ ಸಾಗರದವರು ಹೇಳಿದ ಇಯರ್‌ಫೋನ್ ಹಾಕಿ, ಅದರ ಮೇಲೆ ಕೆಲಸಗಾರರು ಹಾಕುವ ಕಿವಿಮುಚ್ಚಳ ಹಾಕಿಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ನೋಡಲು ಚಂದ ಇಲ್ಲ, ಕೆಲಸ ಮಾಡುತ್ತದೆ.

ಆದರೂ ಒಂದು ಮಾತು ಹೇಳಲೇ? ಪದಕ್ಕೆ ಚಂಡೆ, ಚಂಡೆಗೆ ಪದ ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋಗುವ ಕಲೆ ಅದು. ಬೇರೆ ಬೇರೆ ಮಾಡುವ ಮೊದಲು ಎಲ್ಲರೂ ಒಟ್ಟಿಗೆ ಕೂತು ಒಂದು ಸಲ ರೆಕಾರ್ಡ್ ಮಾಡಿ ನೋಡಿ. ನನಗೆ ಅದೇ ಹೆಚ್ಚು ಇಷ್ಟ.

ಕೇಳಿದವರು

ನಮ್ಮದು ಹಂಚಿನ ಮನೆ ಸರ್, ಮುಂದೆ ಶೀಟು ಹಾಕಿದೆ. ಮಳೆ ಹಿಡಿದರೆ ಮಾತೇ ಕೇಳುವುದಿಲ್ಲ. ಕ್ಲೋಸ್ಡ್ ಹಾಕಿದರೆ ಮಳೆಗಾಲದಲ್ಲೂ ಹಾಡಬಹುದಲ್ವಾ?

ಉತ್ತರ

ಇಲ್ಲ ಮೇಡಂ. ಹೆಡ್‌ಫೋನ್ ಮಳೆಯನ್ನು ನಿಮ್ಮ ಕಿವಿಯಿಂದ ದೂರ ಇಡುತ್ತದೆ, ಮೈಕಿನಿಂದ ಅಲ್ಲ. ಕಿವಿ ಮುಚ್ಚಿರುವುದರಿಂದ ಮಳೆ ಶುರುವಾಗಿದ್ದೂ ನಿಮಗೆ ತಿಳಿಯುವುದಿಲ್ಲ, ಪೂರ್ತಿ ಹಾಡಿದ ಮೇಲೆ ಕೇಳಿದರೆ ಹಿಂದೆ ಶೀಟಿನ ಸದ್ದು. ಜೀರುಂಡೆ ಇನ್ನೂ ಕಿರಿಕಿರಿ. ಅದರ ಸದ್ದು 'ಸ', 'ಶ' ಅಕ್ಷರಗಳ ಜಾಗದಲ್ಲೇ ಬಂದು ಕೂರುತ್ತದೆ. ಅದನ್ನು ಕತ್ತರಿಸಲು ಹೋದರೆ ಸಾಹಿತ್ಯವೇ ಮಂಕಾಗುತ್ತದೆ. ಹಾಡುವ ಮೊದಲು ಖಾಲಿ ಕೋಣೆಯನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ ಕೇಳಿ. ಆಷಾಢದಲ್ಲಿ ಮಳೆ ಬಿಡುವು ಕೊಟ್ಟ ಹಗಲಿನ ಹೊತ್ತು ನೋಡಿಕೊಂಡು ಹಾಡುವುದೇ ದಾರಿ. ಕಂಡೆನ್ಸರ್ ಬದಲು ಡೈನಾಮಿಕ್ ಮೈಕಿಗೆ ಬಾಯಿ ಹತ್ತಿರ ಇಟ್ಟು ಹಾಡಿದರೆ ಹೊರಗಿನ ಸದ್ದು ಸ್ವಲ್ಪ ಕಡಿಮೆ ಬರುತ್ತದೆ.

ಮಳೆಗಾಲದಲ್ಲಿ ಹೆಡ್‌ಫೋನನ್ನು ಗೋಡೆಯ ಮೊಳೆಗೆ ನೇತು ಹಾಕಬೇಡಿ, ಪ್ಯಾಡಿಗೆ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ಮೈಕನ್ನೂ ಅದರಲ್ಲೇ ಇಡಿ. ತಲೆಗೆ ಎಣ್ಣೆ ಹಚ್ಚಿದ ದಿನ ಹಾಕಿಕೊಳ್ಳಬೇಡಿ. ಎಣ್ಣೆ, ಬೆವರು ತಾಗಿದರೆ ಆ ರೆಕ್ಸಿನ್ ಪ್ಯಾಡು ಬೇಗ ಸಿಪ್ಪೆ ಏಳುತ್ತದೆ. ಎದ್ದ ಪ್ಯಾಡು ಸರಿಯಾಗಿ ಮುಚ್ಚುವುದಿಲ್ಲ, ಮತ್ತೆ ಸೋರಿಕೆ. ಎಂ20ಎಕ್ಸಿಗೆ ಹೊಂದುವ ಪ್ಯಾಡು ಬೇರೆಯಾಗಿ ಸಿಗುತ್ತದೆ, ಎಳೆದು ಹಾಕಿದರೆ ಆಯಿತು.

ಕೊಪ್ಪದ ಸದಸ್ಯರು

ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಹಳೆಯದು ಒಂದು ಕಡಿಮೆಗೆ ಬಂದಿದೆ ಸರ್. 250 ಓಮ್ ಅಂತೆ. ತಗೊಳ್ಳಲಾ?

ಉತ್ತರ

ಹೆಡ್‌ಫೋನ್ ಒಳ್ಳೆಯದು, ಅದು ಬಹಳ ಆರಾಮ ಕೂಡ. ಅದರಲ್ಲೇ 32, 80, 250 ಓಮಿನವು ಇವೆ. 250ರದ್ದನ್ನು ಅಗ್ಗದ ಇಂಟರ್‌ಫೇಸಿಗೆ ಹಾಕಿದರೆ ಗುಂಡಿ ಪೂರ್ತಿ ತಿರುಗಿಸಿದರೂ ಮೆಲ್ಲಗೆ ಕೇಳಬಹುದು, ಫೋನಿಗಂತೂ ಬೇಡವೇ ಬೇಡ. ನಿಮ್ಮ ಇಂಟರ್‌ಫೇಸ್ ತಗೊಂಡು ಹೋಗಿ, ಅಲ್ಲೇ ಹಾಕಿ ಕೇಳಿ, ಆಮೇಲೆ ದುಡ್ಡು ಕೊಡಿ. ಪ್ಯಾಡು ಚಪ್ಪಟೆಯಾಗಿದ್ದರೆ ಹೊಸ ಪ್ಯಾಡಿನ ಬೆಲೆ ಕಳೆದು ಕೇಳಿ.