‘ಬ್ಲೂ ಮೂನ್’ಗೆ ಕನ್ನಡದಲ್ಲಿ ಏನನ್ನೋಣ? (ಜೊತೆಗೆ ಫ್ಲೆಮಿಂಗೊ, ಲೋನಾ)

ಗೆಳೆಯರೇ, ನಮಸ್ಕಾರ.

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನಾವು ನಡೆಸುವ ಕನ್ನಡ ತರಗತಿಯ ಮಕ್ಕಳಿಗಾಗಿ ಒಂದು ಪ್ರಶ್ನೋತ್ತರ ಪುಸ್ತಿಕೆ ಮಾಡುತ್ತಿದ್ದೇವೆ. ಹಬ್ಬ, ಹಕ್ಕಿ, ಆಟ, ಆಕಾಶ ಎಲ್ಲ ಅದರಲ್ಲಿದೆ. ಉತ್ತರಗಳು ಸಿದ್ಧ, ಕೆಲವು ಪದಗಳು ಮಾತ್ರ ಕೈಗೆ ಸಿಗುತ್ತಿಲ್ಲ. ಎಲ್ಲಕ್ಕಿಂತ ಜಾಸ್ತಿ ತಲೆ ತಿನ್ನುತ್ತಿರುವುದು ಬ್ಲೂ ಮೂನ್.

ಒಂದೇ ಇಂಗ್ಲಿಷ್ ತಿಂಗಳಲ್ಲಿ ಎರಡು ಹುಣ್ಣಿಮೆ ಬಂದರೆ ಎರಡನೆಯದಕ್ಕೆ ಈ ಹೆಸರು. ಟಿವಿಯವರು ‘ನೀಲಿ ಚಂದ್ರ’ ಅನ್ನುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಮಕ್ಕಳು ಟೆರೇಸಿಗೆ ಹೋಗಿ ನೀಲಿ ಹುಡುಕುತ್ತಾರೆ, ಕಾಣುವುದು ದಿನದ ಅದೇ ಬಿಳಿ ಚಂದ್ರ. ಚಂದ್ರ ನಿಜವಾಗಿ ನೀಲಿಯಾಗಿ ಕಂಡದ್ದು 1883ರಲ್ಲಿ ಕ್ರಾಕಟೋವ ಜ್ವಾಲಾಮುಖಿ ಸಿಡಿದ ಮೇಲೆ, ಗಾಳಿಯಲ್ಲಿ ತೇಲುತ್ತಿದ್ದ ಸಣ್ಣ ಕಣಗಳಿಂದಾಗಿ. ಅದಕ್ಕೂ ಎರಡನೇ ಹುಣ್ಣಿಮೆಗೂ ಸಂಬಂಧವೇ ಇಲ್ಲ. ಅಷ್ಟೇಕೆ, ‘ತಿಂಗಳ ಎರಡನೇ ಹುಣ್ಣಿಮೆ’ ಎಂಬ ಅರ್ಥ ಹಬ್ಬಿದ್ದೂ 1946ರಲ್ಲಿ ಅಮೆರಿಕದ ಒಂದು ಖಗೋಳ ಪತ್ರಿಕೆಯ ಲೇಖನದಿಂದ. ಅಲ್ಲಿನ ಹಳೆಯ ಪಂಚಾಂಗದಲ್ಲಿ, ಒಂದು ಋತುವಿಗೆ ನಾಲ್ಕು ಹುಣ್ಣಿಮೆ ಬಂದರೆ ಮೂರನೆಯದನ್ನು ಹಾಗೆ ಕರೆಯುತ್ತಿದ್ದರು. ಲೇಖಕರು ಅದನ್ನು ತಪ್ಪಾಗಿ ಓದಿಕೊಂಡರು.

ಇಂಗ್ಲಿಷಿನ ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂಬ ನುಡಿಗಟ್ಟಿಗೆ ಮಾತ್ರ ನಮ್ಮಲ್ಲಿ ಪದ ಸಿದ್ಧವಾಗಿದೆ: ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ’. ಅಪರೂಪಕ್ಕೆ ಬರುವವರಿಗೆ ಹಾಗೆ ಹೇಳುತ್ತೇವಲ್ವಾ? ತೊಡಕಿರುವುದು ಆ ಹುಣ್ಣಿಮೆಯ ಹೆಸರಲ್ಲೇ.

ಪುಸ್ತಿಕೆಯ ಕರಡು ನೋಡಿದ ಗೆಳತಿಯೊಬ್ಬರು ‘ಅಧಿಕ ಹುಣ್ಣಿಮೆ’ ಎನ್ನಿ ಎಂದರು. ಮೊದಲು ಖುಷಿಯಾಯಿತು, ಯಾಕೆಂದರೆ ಲೆಕ್ಕ ಒಂದೇ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. 19 ವರ್ಷದಲ್ಲಿ ಅಂಥ 235 ತಿಂಗಳು ಬರುತ್ತವೆ. ವರ್ಷಕ್ಕೆ 12ರಂತೆ 228 ಕಳೆದರೆ ಉಳಿಯುವುದು 7. ಆ ಏಳನ್ನು ನಮ್ಮ ಪಂಚಾಂಗ ಅಧಿಕ ಮಾಸ ಮಾಡುತ್ತದೆ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಅವೇ ಎರಡನೇ ಹುಣ್ಣಿಮೆಗಳಾಗಿ ಕಾಣುತ್ತವೆ. ಫೆಬ್ರವರಿಗೆ ಹುಣ್ಣಿಮೆಯೇ ತಪ್ಪಿಹೋದರೆ ಒಂದು ಜಾಸ್ತಿ. 2018ರಲ್ಲಿ ಹಾಗಾಗಿ ಜನವರಿ, ಮಾರ್ಚ್ ಎರಡರಲ್ಲೂ ಜೋಡಿ ಹುಣ್ಣಿಮೆ ಬಂದವು. ನೆರೆಮನೆಯ ಮರಾಠಿಯವರು ಅಧಿಕ ಮಾಸವನ್ನು ‘ಧೋಂಡ್ಯಾಚಾ ಮಹಿನಾ’ ಅನ್ನುತ್ತಾರೆ, ಅಳಿಯನನ್ನು ಕರೆದು 33 ಅನಾರಸೆ (ಅಕ್ಕಿಹಿಟ್ಟಿನ ಸಿಹಿತಿಂಡಿ) ಕೊಡುತ್ತಾರೆ. ಹಾಗಾಗಿ ನಮ್ಮ ಮಕ್ಕಳಿಗೆ ಅಧಿಕ ಮಾಸ ಹೊಸದಲ್ಲ.

ಆದರೆ ಹಳೆಯ ಕ್ಯಾಲೆಂಡರ್ ತೆಗೆದು ನೋಡಿದಾಗ ಈ ಹೆಸರು ನಿಲ್ಲಲಿಲ್ಲ. 2023ರ ಆಗಸ್ಟ್ ತೆಗೆದುಕೊಳ್ಳಿ. 1ನೇ ತಾರೀಕಿನದು ಅಧಿಕ ಶ್ರಾವಣದ ಹುಣ್ಣಿಮೆ. 30ರ ರಾತ್ರಿಯದು ನಿಜ ಶ್ರಾವಣದ ನೂಲು ಹುಣ್ಣಿಮೆ, ಕೋಳಿವಾಡಾಗಳ ಮೀನುಗಾರರು ಕಡಲಿಗೆ ತೆಂಗಿನಕಾಯಿ ಅರ್ಪಿಸುವ ನಾರಳಿ ಪೂರ್ಣಿಮೆ. ಬ್ಲೂ ಮೂನ್ ಅನ್ನಿಸಿಕೊಂಡಿದ್ದು ಇದೇ! 2020ರ ಅಕ್ಟೋಬರಿನಲ್ಲೂ ಹೀಗೇ. 1ನೇ ತಾರೀಕಿನದು ಅಧಿಕ, ತಿಂಗಳ ಕೊನೆಯದು ನಿಜ. 2026ರ ಮೇ 31ರದ್ದು ಮಾತ್ರ ಅಧಿಕ ಜ್ಯೇಷ್ಠದಲ್ಲೇ ಬರುವ ಹುಣ್ಣಿಮೆ. ಒಮ್ಮೆ ಸರಿಹೋಗಿ, ಮತ್ತೊಮ್ಮೆ ತಿರುಗುಮುರುಗಾಗುವ ಹೆಸರನ್ನು ಮಕ್ಕಳಿಗೆ ಕಲಿಸುವುದು ಬೇಡ.

ಹಳೆಯ ಪದ ಸಿಗದಿರುವುದಕ್ಕೂ ಕಾರಣವಿದೆ. ನಮ್ಮ ಚಾಂದ್ರಮಾನ ತಿಂಗಳು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಅದರೊಳಗೆ ಹುಣ್ಣಿಮೆ ಒಂದೇ. ಎರಡನೆಯದು ಬರಲು ಜಾಗವೇ ಇಲ್ಲದಿರುವಾಗ ಹೆಸರು ಯಾಕೆ ಹುಟ್ಟೀತು? ಅದಕ್ಕೇ ‘ಮರುಹುಣ್ಣಿಮೆ’ ಎಂದು ಬರೆದುಕೊಂಡಿದ್ದೇನೆ. ಮರುದಿನ, ಮರುಮದುವೆ ಇದ್ದಂತೆ. ಕೇಳಿದ ಕೂಡಲೇ ಅರ್ಥವಾಗುತ್ತದೆ ಅನ್ನಿಸುತ್ತದೆ. ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ, ಹೇಳಿ.

ಇಲ್ಲಿರುವ ತುಳುವರನ್ನು ವಿಶೇಷವಾಗಿ ಕೇಳಬೇಕು. ನಿಮ್ಮ ತಿಂಗಳು ಸಂಕ್ರಾಂತಿಯಿಂದ ಸಂಕ್ರಾಂತಿಗೆ. ಅದರಲ್ಲಿ ಎರಡು ಪುಣ್ಣಮೆ ಬೀಳುವುದು ಸಾಧ್ಯ. 2023ರ ಆಟಿ ತಿಂಗಳಲ್ಲಿ ಎರಡು ಅಮಾವಾಸ್ಯೆಯೇ ಬಿದ್ದವು, ಆ ವರ್ಷ ಶ್ರಾವಣ ಅಧಿಕವಾದದ್ದೂ ಅದರಿಂದಲೇ. ಆಗ ಆಟಿ ಅಮಾವಾಸ್ಯೆಯಂದು ಕುಡಿಯುವ ಪಾಲೆ ಮರದ ತೊಗಟೆಯ ಕಷಾಯ ಯಾವ ಅಮಾವಾಸ್ಯೆಗೆ ಎಂಬ ಮಾತು ಮನೆಗಳಲ್ಲಿ ಬಂದಿರಬೇಕು. ಎರಡನ್ನೂ ಬೇರೆ ಮಾಡಿ ಹೇಳಲು ಹಿರಿಯರು ಏನು ಪದ ಬಳಸಿದರು? ಎರಡು ಪುಣ್ಣಮೆಗೂ ಅಂಥದ್ದೊಂದು ಮಾತಿದ್ದರೆ ನನ್ನ ‘ಮರುಹುಣ್ಣಿಮೆ’ಯನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.

ಇನ್ನೆರಡು ಪದಗಳು, ಬೇಗ ಮುಗಿಸುತ್ತೇನೆ.

ಚಳಿಗಾಲದಲ್ಲಿ ಶಿವಡಿಯ ಕೆಸರಿಗೆ, ಠಾಣೆ ಖಾಡಿಗೆ (ಕಡಲ ಹಿನ್ನೀರಿಗೆ) ಇಳಿಯುವ ಫ್ಲೆಮಿಂಗೊ ಹಕ್ಕಿ. ಮರಿ ಬೂದು ಬಣ್ಣದ್ದು, ಗುಲಾಬಿ ಬರುವುದು ತಿನ್ನುವ ಪಾಚಿ ಮತ್ತು ಸಣ್ಣ ಸಿಗಡಿಯಿಂದ. ಮರಾಠಿಯಲ್ಲಿ ‘ರೋಹಿತ’. ಕನ್ನಡದಲ್ಲಿ ‘ರಾಜಹಂಸ’ ಎಂದರೆ, ಅದು ಬಿಳಿ ಹಂಸ ಎಂದು ಕೆಲವರು ತಕರಾರು ಮಾಡುತ್ತಾರೆ. ಆದರೆ ಅಮರಕೋಶ ಹೇಳುವ ರಾಜಹಂಸಕ್ಕೆ ಮೈ ಬಿಳಿ, ಕೊಕ್ಕು ಮತ್ತು ಕಾಲು ಕೆಂಪು. ಕೆಸರಿನಲ್ಲಿ ನಿಂತ ದೊಡ್ಡ ಫ್ಲೆಮಿಂಗೊವನ್ನು ಹತ್ತಿರದಿಂದ ನೋಡಿದವರಿಗೆ ಈ ವರ್ಣನೆ ದೂರದ್ದು ಅನ್ನಿಸದು. ನಾನು ‘ರಾಜಹಂಸ’ ಎಂದೇ ಇಡುತ್ತೇನೆ.

ಕೊನೆಯದು ಕಬಡ್ಡಿಯ ‘ಲೋನಾ’. ಎದುರಾಳಿ ತಂಡ ಪೂರ್ತಿ ಔಟಾದರೆ ಸಿಗುವ 2 ಹೆಚ್ಚಿನ ಅಂಕ. ಈಗ ಎಲ್ಲರೂ ‘ಆಲೌಟ್’ ಅನ್ನುತ್ತಾರೆ, ‘ಲೋನಾ’ ಕೇಳಿದ ಮಕ್ಕಳು ಕಡಿಮೆ. ‘ಖೋ’ ಇದ್ದ ಹಾಗೆ ಇದೂ ಇರಲಿ ಎಂದು ನನ್ನ ಆಸೆ. ಧಾರವಾಡ, ವಿಜಯಪುರ ಕಡೆ ಮಣ್ಣಿನಂಗಳದಲ್ಲಿ ಆಡಿದವರು ಇದ್ದೀರಿ. ನೀವು ಏನನ್ನುತ್ತಿದ್ದಿರಿ? ಈ ತಿಂಗಳೊಳಗೆ ಬರೆದರೆ ಅಚ್ಚಿಗೆ ಹೋಗುವ ಮೊದಲು ಸೇರಿಸುತ್ತೇನೆ.