ಬ್ರಿಯೆ ಪಟ್ಟಣ ಯಾವ ಜಿಲ್ಲೆಗೆ ಸೇರಿದ್ದು? ಮೊಝೆಲ್ ಗಡಿಯ ಗೊಂದಲ

ಮುಠಾ ದಂಡೆ (ಪುಣೆ):
ನಮ್ಮ ಕನ್ನಡ ಓದುಗರ ಬಳಗಕ್ಕೆ ಫ್ರಾನ್ಸಿನ ಲೊರೇನ್ ಗಡಿಯ ಭಿತ್ತಿನಕ್ಷೆ ತಯಾರಾಗುತ್ತಿದೆ. 1870ರ ನಕ್ಷೆಯಲ್ಲಿ ಬ್ರಿಯೆ ಪಟ್ಟಣ ಮೊಝೆಲ್ ಜಿಲ್ಲೆಯಲ್ಲಿದೆ, ಈಗಿನದರಲ್ಲಿ ಮೆರ್ತ್-ಎ-ಮೊಝೆಲ್‌ನಲ್ಲಿ. ಸಾರ್‌ಬೂರ್ ಇದರ ತಿರುವುಮುರುವು: ಆಗ ಮೆರ್ತ್, ಈಗ ಮೊಝೆಲ್. ಮೊದಲ ಮಹಾಯುದ್ಧದ ನಂತರ ಜರ್ಮನಿ ಎಲ್ಲವನ್ನೂ ಹಿಂದಿರುಗಿಸಿದ ಮೇಲೆ ಹಳೆಯ ಗಡಿ ಯಾಕೆ ಮರಳಲಿಲ್ಲ? ಜಿಲ್ಲೆಯೊಳಗಿನ ಆಡಳಿತ ಭಾಗವಾದ ‘ಅರೊಂದಿಸ್ಮಾ’ಗೆ ಕನ್ನಡದಲ್ಲಿ ಏನು ಬರೆಯಬೇಕು?

ದಾದರ್ ವಾಚಕ (ಮುಂಬಯಿ):
ಮರಳಿ ಬಂದದ್ದು ಮೊಝೆಲ್ ಎಂಬ ಹೆಸರು, ಗಡಿ ಅಲ್ಲ. ಗೊಂದಲದ ಬೇರು ಅಲ್ಲೇ ಇದೆ.

1790ರಲ್ಲಿ ಫ್ರಾನ್ಸನ್ನು ಜಿಲ್ಲೆಗಳಾಗಿ ವಿಂಗಡಿಸಿದಾಗ ಮೊಝೆಲ್‌ಗೆ ಮೆಸ್ (ಬರೆಯುವುದು ಮೆಟ್ಜ್ ಎಂಬಂತೆ, ಉಚ್ಚಾರ ಮೆಸ್), ಮೆರ್ತ್‌ಗೆ ನಾಂಸಿ ಕೇಂದ್ರ. 1870ರ ಹೊತ್ತಿಗೆ ಮೊಝೆಲ್‌ನಲ್ಲಿ ನಾಲ್ಕು ಉಪವಿಭಾಗ: ಮೆಸ್, ತಿಯೊಂವಿಲ್, ಸಾರ್‌ಗಮೀನ್, ಬ್ರಿಯೆ. ಮೆರ್ತ್‌ನಲ್ಲಿ ಐದು: ನಾಂಸಿ, ಲ್ಯುನೆವಿಲ್, ತೂಲ್, ಶಾತೋ-ಸಲಾಂ, ಸಾರ್‌ಬೂರ್.

ಯುದ್ಧದಲ್ಲಿ ಫ್ರಾನ್ಸ್ ಸೋತ ಮೇಲೆ, 1871ರ ಮೇ 10ರ ಫ್ರಾಂಕ್‌ಫರ್ಟ್ ಒಪ್ಪಂದದಲ್ಲಿ ಮೊಝೆಲ್‌ನ ಮೊದಲ ಮೂರು, ಮೆರ್ತ್‌ನ ಕೊನೆಯ ಎರಡು ಬಹುಪಾಲು ಜರ್ಮನಿಗೆ ಹೋದವು. ಜರ್ಮನ್ನರು ಅವನ್ನು ಕೂಡಿಸಿ ಬೆಟ್ಸಿರ್ಕ್ ಲೋಥ್ರಿಂಗೆನ್ ಎಂಬ ಒಂದೇ ಜಿಲ್ಲೆ ಮಾಡಿದರು. ಇತ್ತ ಫ್ರಾನ್ಸ್ ಅದೇ ವರ್ಷ ಸೆಪ್ಟೆಂಬರ್ 7ರ ಕಾನೂನಿನಿಂದ ನಾಂಸಿ, ಲ್ಯುನೆವಿಲ್, ತೂಲ್‌ಗೆ ಉಳಿದ ಬ್ರಿಯೆ ತುಂಡನ್ನು ಜೋಡಿಸಿ ಮೆರ್ತ್-ಎ-ಮೊಝೆಲ್ ಹುಟ್ಟುಹಾಕಿತು. ಆ ಜಿಲ್ಲೆಯ ಉತ್ತರಕ್ಕೆ ಬಾತುಕೋಳಿಯ ಕತ್ತಿನಂತೆ ಚಾಚಿರುವ ಭಾಗ ಅದೇ.

1918ರಲ್ಲಿ ಪ್ರದೇಶ ಮರಳಿದಾಗ ಜರ್ಮನ್ ಜಿಲ್ಲೆಯನ್ನು ಒಡೆಯದೆ, ಇದ್ದ ಗಡಿಯಲ್ಲೇ ಇಟ್ಟು ಮೊಝೆಲ್ ಎಂದು ಕರೆದರು. 47 ವರ್ಷಗಳಲ್ಲಿ ಅಲ್ಲಿ ಬೇರೆ ಕಾನೂನು ಬೇರೂರಿತ್ತು. 1905ರಲ್ಲಿ ಫ್ರಾನ್ಸ್ ಚರ್ಚನ್ನು ಸರ್ಕಾರದಿಂದ ಬೇರ್ಪಡಿಸಿತಲ್ಲ, ಆ ಕಾನೂನು ಆಗ ಜರ್ಮನಿಯಲ್ಲಿದ್ದ ಮೊಝೆಲ್‌ಗೆ ಇಂದಿಗೂ ಅನ್ವಯಿಸುವುದಿಲ್ಲ. ಪಾದ್ರಿಗಳಿಗೆ ಸರ್ಕಾರವೇ ಸಂಬಳ ಕೊಡುತ್ತದೆ. ಬ್ರಿಯೆಯಲ್ಲಿ ಹಾಗಿಲ್ಲ. ಗಡಿ ಬದಲಿಸಿದ್ದರೆ ಒಂದೇ ಜಿಲ್ಲೆಯೊಳಗೆ ಎರಡು ಕಾನೂನು ನಡೆಸಬೇಕಾಗುತ್ತಿತ್ತು.

ತಿಳಾರಿ ಘಾಟ್ (ಗೋವಾ):
ನಮ್ಮ ಕಡೆಯವರಿಗೆ ಅರ್ಥವಾಗಲು ಚಂದಗಡ ನೋಡಿ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಚಂದಗಡ ತಾಲೂಕು ಮಾತ್ರ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಈಗ ಕೊಲ್ಲಾಪುರ ಜಿಲ್ಲೆ. ಬ್ರಿಯೆಯದೂ ಇದೇ ಪಾಡು. ಜಮೀನಿನ ದಾಖಲೆಯಲ್ಲೂ ಹೋಲಿಕೆ ಇದೆ: ಚಂದಗಡದಲ್ಲಿ ಸಾತ್‌ಬಾರಾ ಉತಾರಾ, ಬೆಳಗಾವಿಯಲ್ಲಿ ಪಹಣಿ. ಹಾಗೇ ಮೊಝೆಲ್‌ನಲ್ಲಿ ಭೂಮಿಯ ಹಕ್ಕು ನ್ಯಾಯಾಲಯದಡಿಯ ‘ಲಿವ್ರ್ ಫೊಂಸಿಯೆ’ ಎಂಬ ಪುಸ್ತಕದಲ್ಲಿ ದಾಖಲಾಗುತ್ತದೆ, ಬ್ರಿಯೆಯಲ್ಲಿ ಆ ಪುಸ್ತಕವೇ ಇಲ್ಲ.

ಅರೊಂದಿಸ್ಮಾಗೆ ‘ಉಪವಿಭಾಗ’ ಸರಿಹೋಗುತ್ತದೆ, ಮಹಾರಾಷ್ಟ್ರದ ಓದುಗರಿಗಾದರೆ ‘ಪ್ರಾಂತ’ ಎಂದರೂ ತಿಳಿಯುತ್ತದೆ. ಅಲ್ಲಿಯ ಅತಿ ಚಿಕ್ಕ ಆಡಳಿತ ಘಟಕವಾದ ‘ಕೊಮ್ಯೂನ್’ಗೆ ಗ್ರಾಮ ಪಂಚಾಯಿತಿ ಎನ್ನಬೇಡಿ, ಮೆಸ್ ನಗರವೂ ಒಂದು ಕೊಮ್ಯೂನೇ.

ಮುಠಾ ದಂಡೆ:
ಹಾಗಾದರೆ 1870ರ ಉಪವಿಭಾಗಗಳಿಗೆ ಹೊಸ ಬಣ್ಣ ಹಚ್ಚಿದರೆ ನಕ್ಷೆ ಮುಗಿಯಿತೇ?

ದಾದರ್ ವಾಚಕ:
ಇಲ್ಲ, ತಪ್ಪಾಗುವುದೇ ಅಲ್ಲಿ. 1871ರ ಗೆರೆ ಉಪವಿಭಾಗದ ಅಂಚನ್ನೇ ಹಿಡಿದು ಹೋಗಿಲ್ಲ. ಮಾರ್ಸ್-ಲಾ-ತೂರ್ ಇದ್ದದ್ದು ಮೆಸ್ ಉಪವಿಭಾಗದಲ್ಲಿ, ಆದರೂ ಫ್ರಾನ್ಸಿನಲ್ಲಿ ಉಳಿಯಿತು. ಈಗ 54ನೇ ಜಿಲ್ಲೆ, ಅಂದರೆ ಮೆರ್ತ್-ಎ-ಮೊಝೆಲ್ (ಫ್ರಾನ್ಸಿನಲ್ಲಿ ಪ್ರತಿ ಜಿಲ್ಲೆಗೂ ಒಂದು ಸಂಖ್ಯೆ ಇದೆ). ಬ್ರಿಯೆ ಕಡೆಯ ಸೇಂತ್-ಮರಿ-ಓ-ಶೆನ್ ಜರ್ಮನಿಗೆ ಹೋಯಿತು, ಈಗ 57, ಅಂದರೆ ಮೊಝೆಲ್. ಹಾಗಾಗಿ ಗೆರೆಯ ಪಕ್ಕದ ಊರುಗಳನ್ನು ಒಂದೊಂದಾಗಿ ನೋಡಲೇಬೇಕು. ಸುಲಭ ದಾರಿ: ಇಂದಿನ 54 ಮತ್ತು 57ರ ನಡುವಿನ ಗಡಿಯನ್ನು ಎಳೆಯಿರಿ, 1871ರ ಗಡಿ ಹೆಚ್ಚುಕಡಿಮೆ ಅದೇ. ಅದರ ಮೇಲೆ 1870ರ ಜಿಲ್ಲಾ ಗಡಿಯನ್ನು ಬೇರೆ ಬಣ್ಣದಲ್ಲಿ ಇಡಿ.

ಜರ್ಮನ್ ಹೆಸರುಗಳಲ್ಲೂ ಜೋಕೆ. ತಿಯೊಂವಿಲ್ ಎಂದರೆ ಡೀಡನ್‌ಹೋಫನ್. ಸಾರ್‌ಬೂರ್ ಎಂದರೆ ಸಾರ್‌ಬುರ್ಗ್, ಆದರೆ ಟ್ರಿಯರ್ ಹತ್ತಿರ ಇನ್ನೊಂದು ಸಾರ್‌ಬುರ್ಗ್ ಇದೆ. 1940ರಲ್ಲಿ ಹಿಟ್ಲರನ ಆಡಳಿತ ಮೊಝೆಲ್ಲನ್ನು ಮತ್ತೆ ಸೇರಿಸಿಕೊಂಡು ವೆಸ್ಟ್‌ಮಾರ್ಕ್ ಎಂಬ ವಿಭಾಗಕ್ಕೆ ಹಾಕಿತು. ಒಪ್ಪಂದವಿಲ್ಲದ ಕಬಳಿಕೆಯಾದ್ದರಿಂದ ಅದನ್ನು ಚುಕ್ಕಿಗೆರೆಯಲ್ಲೇ ತೋರಿಸಿ.

ತಿಳಾರಿ ಘಾಟ್:
ದಕ್ಷಿಣಕ್ಕೆ ಜಾಗ ಉಳಿದರೆ ಬೆಲ್ಫೋರ್ ಸೇರಿಸಿ. ಮೇಲಿನ ರೈನ್ ಜಿಲ್ಲೆಯಲ್ಲಿ ಫ್ರಾನ್ಸಿಗೆ ಉಳಿದ ತುಂಡು ಅದು. 1918ರ ನಂತರವೂ ತಾಯಿಜಿಲ್ಲೆಗೆ ಮರಳದೆ 1922ರಲ್ಲಿ ತಾನೇ ಜಿಲ್ಲೆಯಾಯಿತು. ಜಿಲ್ಲಾ ಸಂಖ್ಯೆಗಳ ಅಕ್ಷರಕ್ರಮದ ಪಟ್ಟಿ 89ಕ್ಕೆ, ಇಯೋನ್ ಜಿಲ್ಲೆಗೆ, ಮುಗಿಯುತ್ತದೆ; ಬೆಲ್ಫೋರ್‌ಗೆ ಅದರ ಮುಂದಿನ 90.